ನೆತ್ತದ ಹಾಸಿನಿಂದ ಪೋಕರ್ ಮೇಜಿನವರೆಗೆ

(ಕ್ಯಾಲಮ್‌ವೇಲ್‌ನಲ್ಲಿ ನೆರೆದ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕುರಿತು ನಾಲ್ಕು ಹಿತವಚನಗಳನ್ನು ನಿರೀಕ್ಷಿಸುವುದು ಸಹಜ. ಇಂದು ಅವನ್ನು ಬದಿಗಿರಿಸಿ ಇಸ್ಪೀಟಿನ ಎಲೆಗಳನ್ನು ಕೈಗೆತ್ತಿಕೊಂಡಿದ್ದೇವೆ. ಪಣವಿಟ್ಟು ಕುಳಿತವನು ಹೇಗೆ ನಿರ್ಧರಿಸುತ್ತಾನೆ, ಹೇಗೆ ನಿರ್ಧರಿಸಬೇಕಾಗಿತ್ತು ಎಂಬುದು ನಮ್ಮವರಿಗೆ ಹೊಸ ಪ್ರಶ್ನೆಯೇನೂ ಅಲ್ಲ.

ಗದುಗಿನ ನಾರಣಪ್ಪನ ಭಾರತವನ್ನು ಗಮಕಿಗಳ ಕಂಠದಲ್ಲಿ ಕೇಳಿ ಬೆಳೆದವರಿಗೆ ಸಭಾಪರ್ವದ ದ್ಯೂತಪ್ರಸಂಗವು ಸುಪರಿಚಿತ. ಧರ್ಮರಾಯನು ಸೋತದ್ದು ಶಕುನಿಯ ಕಪಟದಿಂದ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ದ್ಯೂತವು ಒಮ್ಮೆ ಮಾತ್ರ ನಡೆಯಲಿಲ್ಲ. ಮೊದಲ ಆಟದಲ್ಲಿ ಕಳೆದುಕೊಂಡುದೆಲ್ಲವೂ ಧೃತರಾಷ್ಟ್ರನ ಮಾತಿನಿಂದ ಮರಳಿ ಬಂದಿತ್ತು. ಊರಿಗೆ ಹೊರಟಿದ್ದವನನ್ನು ಮತ್ತೆ ಕರೆಸಿದರು. ಅವನು ಮತ್ತೆ ಬಂದು ಕುಳಿತನು. ಹನ್ನೆರಡು ವರ್ಷಗಳ ವನವಾಸ, ಒಂದು ವರ್ಷದ ಅಜ್ಞಾತವಾಸ ಒದಗಿದುದು ಆ ಎರಡನೆಯ ಆಟದಿಂದ. ಮೊದಲ ಸೋಲಿಗೆ ಕಪಟವು ಕಾರಣವೆಂದರೂ, ಎರಡನೆಯದಕ್ಕೆ ಎದುರಾಳಿ ಯಾರೆಂದು ತಿಳಿದೂ ಕುಳಿತ ನಿರ್ಧಾರವೇ ಕಾರಣ.

ಆಟವೆಂದರೆ ಕೇವಲ ಅನರ್ಥವೆಂದು ನಮ್ಮ ನಾಡು ಎಂದೂ ತಿಳಿದಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ೧೮೩೧ರಲ್ಲಿ ಆಡಳಿತವು ಆಂಗ್ಲರ ವಶವಾದ ಮೇಲೆ ವಿದ್ಯೆ, ಕಲೆ, ಕ್ರೀಡೆಗಳಿಗೆ ತಮ್ಮನ್ನು ತೆತ್ತುಕೊಂಡರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ನಡೆಸುವ ಬಂಧಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಆಟಗಳ ವಿವರವಿದೆ, ೩೬ರಿಂದ ೩೬೦ ಎಲೆಗಳವರೆಗಿನ ಕಟ್ಟುಗಳ ಆಟಗಳವು. ಗಂಜೀಫಾ ಆಡುವವನು ಹೊರಬಿದ್ದ ಎಲೆಗಳನ್ನು ನೆನಪಿನಲ್ಲಿಟ್ಟುಕೊಂಡು, ಉಳಿದವು ಯಾರ ಕೈಯಲ್ಲಿರಬಹುದೆಂದು ಊಹಿಸಬೇಕು. ನಮ್ಮ ಕಾಲದಲ್ಲಿ ಮೈಸೂರಿನ ಗಂಜೀಫಾ ರಘುಪತಿ ಭಟ್ಟರು ಈ ಎಲೆಗಳ ಚಿತ್ರಕಲೆಗೆ ಮರುಜೀವವಿತ್ತರು.

ಕುಶಲತೆಯೋ, ಅದೃಷ್ಟವೋ ಎಂಬ ಪ್ರಶ್ನೆಯು ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಒಂದು ಎಳೆ ನಮ್ಮ ಬೆಂಗಳೂರಿನಿಂದಲೇ ಹೊರಟಿತು. ಅಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯು ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆಯನ್ನು ಪ್ರಕಟಿಸುತ್ತಿತ್ತು. ಮುಂಬಯಿ ಸರಕಾರವು ಅದಕ್ಕೆ ತೆರಿಗೆ ವಿಧಿಸಲು ಹೊರಟಿತು. ೧೯೫೭ರ ಏಪ್ರಿಲ್ ೯ರಂದು ಸರ್ವೋಚ್ಚ ನ್ಯಾಯಾಲಯವು ಜೂಜನ್ನು ವ್ಯಾಪಾರವೆಂದು ಗಣಿಸಲಾಗದೆಂದು ತೀರ್ಪಿತ್ತಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಗಣನೀಯವಾಗಿ ಕುಶಲತೆಯನ್ನು ಅವಲಂಬಿಸಿದ ಸ್ಪರ್ಧೆಯು ಜೂಜಲ್ಲವೆಂದು ವಿಂಗಡಿಸಿತು. ೧೯೬೭ರಲ್ಲಿ, ಬಿದ್ದ ಎಲೆಗಳ ನೆನಪು ಬೇಕಾದ ಕಾರಣ ರಮ್ಮಿಯು ಪ್ರಧಾನವಾಗಿ ಕುಶಲತೆಯ ಆಟವೆಂದಿತು. ಒಡೆಯರ ಗಂಜೀಫಾಕ್ಕೂ ಇದೇ ಮಾತು ಒಪ್ಪುತ್ತದೆಯಲ್ಲವೆ? ೨೦೧೩ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕುಶಲತೆಯ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. ೨೦೧೭ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಅದೇ ಪೋಕರನ್ನು ಜೂಜೆಂದಿತು.

ಹಾಗಾದರೆ ಪೋಕರಿನ ಕುಶಲತೆ ಎಂತಹುದು? ಕೈಯಲ್ಲಿ ಎರಡು, ಮೇಜಿನ ಮೇಲೆ ಮೂರು ಎಲೆಗಳು ಕಾಣುತ್ತಿವೆ, ಕಾಣದವು ೪೭. ಐದರಲ್ಲಿ ನಾಲ್ಕು ಆಟೀನು. ಇನ್ನೊಂದು ಆಟೀನು ಬಂದರೆ ಗೆಲುವು ಎಂದಿರಲಿ. ಉಳಿದ ಆಟೀನುಗಳು ೯. ಮುಂದಿನ ಎಲೆ ಆಟೀನಾಗುವ ಸಂಭವ ೪೭ಕ್ಕೆ ೯, ಅಂದರೆ ಶೇಕಡ ೧೯. ನಡುವೆ ೧೦೦ ಡಾಲರು ಬಿದ್ದಿದ್ದು, ನಾವು ೨೦ ಕೊಟ್ಟು ಆ ಒಂದು ಎಲೆಯನ್ನು ನೋಡಬಹುದಾದರೆ, ಶೇಕಡ ೧೭ರಷ್ಟು ಸಂಭವವಿದ್ದರೂ ಸಾಕು, ಮುಂದುವರಿಯುವುದು ಸರಿ. ೫೦ ಕೇಳಿದರೆ ಶೇಕಡ ೩೩ ಬೇಕು. ಎಲೆಗಳನ್ನು ಕೆಳಗಿಡುವುದೇ ವಿವೇಕ. ಇಲ್ಲಿ ಗಮನಿಸಬೇಕಾದುದೊಂದಿದೆ: ಸರಿಯಾದ ನಿರ್ಧಾರವನ್ನು ಮಾಡಿಯೂ ಐದರಲ್ಲಿ ನಾಲ್ಕು ಬಾರಿ ಆ ಎಲೆ ಬರುವುದಿಲ್ಲ.

ಈ ಪಾಠವನ್ನು ನಾವು ಕಲಿತದ್ದು ಪರದೇಶದ ಆಸ್ಪತ್ರೆಯ ವೈದ್ಯರ ವಸತಿಗೃಹದಲ್ಲಿ. ಎಂ.ಬಿ.ಬಿ.ಎಸ್. ಮುಗಿಸಿ ತರಬೇತಿಗೆ ಹೋದ ಆ ದಿನಗಳಲ್ಲಿ, ಶುಕ್ರವಾರದ ರಾತ್ರಿ ಜೊತೆಯವರೊಡನೆ ಪೋಕರ್ ಆಡುತ್ತಿದ್ದೆವು. ಮೂರ್ಖತನದಿಂದ ಮುಂದುವರಿದು ಗೆದ್ದಾಗ ಬೆನ್ನು ತಟ್ಟಿದರು. ಲೆಕ್ಕ ಹಾಕಿ ಆಡಿ ಸೋತಾಗ ನಕ್ಕರು. ವಾರ್ಡಿನಲ್ಲಿಯೂ ಇದೇ ರೂಢಿ. ಮಾಡಬೇಕಾದ ಪರೀಕ್ಷೆಯನ್ನು ಮಾಡದೆ ರೋಗಿಯನ್ನು ಮನೆಗೆ ಕಳುಹಿಸಿ, ಅವರು ಸುಖವಾಗಿದ್ದರೆ ಅದನ್ನು ನಮ್ಮ ಚಾತುರ್ಯವೆಂದು ಭಾವಿಸುತ್ತೇವೆ. ಫಲವನ್ನು ನೋಡಿ ನಿರ್ಧಾರವನ್ನು ಅಳೆಯಬಾರದು. ಆ ಹೊತ್ತಿಗೆ ತಿಳಿದಿದ್ದುದನ್ನು ನೋಡಿ ಅಳೆಯಬೇಕು.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಒಂದು ರಾತ್ರಿ ಸೋತ ಹಣವನ್ನು ಮರಳಿ ಪಡೆಯುವ ಹಠದಲ್ಲಿ ಆ ತಿಂಗಳ ಮನೆಬಾಡಿಗೆಯನ್ನೇ ಕಳೆದೆವು. ಎದ್ದು ಹೊರಟವರು ಬಾಗಿಲಿನಿಂದ ಹಿಂದಿರುಗಿ ಮತ್ತೆ ಕುಳಿತಿದ್ದೆವು. ಸಂಭವಗಳ ಲೆಕ್ಕ ನಮಗೆ ಬಾಯಿಪಾಠವಾಗಿತ್ತು. ಅದು ಉಪಯೋಗಕ್ಕೆ ಬರಲಿಲ್ಲ. ಮನೆಯವರಿಗೆ ವಿಷಯ ತಿಳಿಸಲು ಮೂರು ವಾರ ಬೇಕಾಯಿತು. ಅಂದಿನಿಂದ ಧರ್ಮರಾಯನನ್ನು ಕುರಿತು ಹಗುರವಾಗಿ ಮಾತನಾಡುವುದನ್ನು ಬಿಟ್ಟಿದ್ದೇವೆ.

ಈ ದೇಶದಲ್ಲಿ ‘ಪೋಕೀಸ್’ ಎಂಬ ಯಂತ್ರಗಳಿಗೆ ಹೆಸರು ಬಂದುದು ಪೋಕರಿನಿಂದ. ಆದರೆ ಮೇಲೆ ಹೇಳಿದ ಯಾವ ಕುಶಲತೆಗೂ ಅಲ್ಲಿ ಎಡೆಯಿಲ್ಲ. ಎದುರಾಳಿಯ ಮುಖವಿಲ್ಲ, ನೆನಪಿಡಬೇಕಾದ ಎಲೆಯಿಲ್ಲ; ದೀರ್ಘಾವಧಿಯಲ್ಲಿ ಯಂತ್ರವೇ ಗೆಲ್ಲುವಂತೆ ಪಾಲು ಮೊದಲೇ ನಿಗದಿಯಾಗಿರುತ್ತದೆ. ನಮ್ಮ ಕ್ವೀನ್ಸ್‌ಲ್ಯಾಂಡಿನ ಕ್ಲಬ್ಬುಗಳಿಗೆ ಇವು ೧೯೯೨ರಲ್ಲಿಯೂ, ಅಡಿಲೇಡಿನ ಪಬ್ಬುಗಳಿಗೆ ೧೯೯೪ರಲ್ಲಿಯೂ ಬಂದವು. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯವು ಮಾತ್ರ ಇವನ್ನು ಒಂದೇ ಕ್ಯಾಸಿನೊಗೆ ಸೀಮಿತಗೊಳಿಸಿದೆ. ಭಾನುವಾರ ಮಕ್ಕಳೊಡನೆ ಅಗ್ಗದ ಊಟಕ್ಕೆಂದು ಕ್ಲಬ್ಬಿಗೆ ಹೋಗುವ ನಮ್ಮ ಕುಟುಂಬಗಳು ಊಟದ ಕೋಣೆಯ ಪಕ್ಕದಲ್ಲಿಯೇ ಆ ಯಂತ್ರಗಳ ಸದ್ದನ್ನು ಕೇಳುತ್ತವೆ.

ತಾಯ್ನಾಡಿನಲ್ಲಿಯೂ ವಾದ ಮುಂದುವರಿದಿದೆ. ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ೨೦೨೧ರ ಕರ್ನಾಟಕದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ರದ್ದುಗೊಳಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಕುಶಲತೆ, ಅದೃಷ್ಟವೆಂಬ ಭೇದವನ್ನೇ ಬದಿಗೊತ್ತಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಆಟ ಯಾವ ಬಗೆಯದೆಂದು ನ್ಯಾಯಾಧೀಶರು ತೀರ್ಮಾನಿಸಲಿ. ಆಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಹೊಸಿಲು ದಾಟಿದ ಮೇಲೆ ಮರಳಿ ಕರೆದರೆ ಏನು ಹೇಳುತ್ತೇನೆ? ದೀಪಾವಳಿಯ ರಾತ್ರಿ ಮಕ್ಕಳಿಗೆ ಎಲೆಗಳನ್ನು ಹಂಚುವಾಗ ಅವರಿಗೆ ಸಂಭವದ ಲೆಕ್ಕವನ್ನು ಅವಶ್ಯ ಕಲಿಸೋಣ. ಜೊತೆಗೆ ಎದ್ದು ಬರುವುದನ್ನೂ ಕಲಿಸೋಣ. ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಮನೆಯವರು, ಆ ಬಾಗಿಲಿನಿಂದ ಹಿಂದಿರುಗಿ ಕುಳಿತಿದ್ದರೆ, ನಾಚಿಕೆಪಡದೆ ನಿಮ್ಮ ವೈದ್ಯರಿಗೆ ತಿಳಿಸಿ. ನಾವೂ ಕುಳಿತಿದ್ದೆವು.