ಕರಡಿಯಲ್ಲದ ಕರಡಿಯೂ ಕರಡಿಕಲ್ಲೂ

'ದಿ ಬೇರ್ ದಟ್ ವಾಸೆಂಟ್' ಎಂಬ ಅನಿಮೇಷನ್ ಕಿರುಚಿತ್ರ ತೆರೆಗೆ ಬಂದದ್ದು 1967ರಲ್ಲಿ. ಕನ್ನಡದಲ್ಲಿ ಅದನ್ನು 'ಕರಡಿಯಲ್ಲದ ಕರಡಿ' ಎನ್ನಬಹುದು. ಎಂ.ಜಿ.ಎಂ. ಸಂಸ್ಥೆಗಾಗಿ ಚಕ್ ಜೋನ್ಸ್ ನಿರ್ದೇಶಿಸಿದ ಈ ಹತ್ತು ನಿಮಿಷಗಳ ಚಿತ್ರಕ್ಕೆ ಆಧಾರ, ಫ್ರಾಂಕ್ ಟಾಶ್‌ಲಿನ್ ತಾನೇ ಬರೆದು ತಾನೇ ಚಿತ್ರಿಸಿ 1946ರಲ್ಲಿ ಹೊರತಂದ ಅದೇ ಹೆಸರಿನ ಪುಸ್ತಕ. ಗ್ರಂಥಾಲಯಗಳು ಅದನ್ನು ಮಕ್ಕಳ ಕಪಾಟಿನಲ್ಲಿ ಇಡುತ್ತವೆ. ಆದರೆ ಅದರಲ್ಲಿರುವ ಪ್ರಶ್ನೆ ಮಕ್ಕಳದ್ದಲ್ಲ: ಒಬ್ಬನು ಯಾರು ಎಂಬುದನ್ನು ನಿರ್ಣಯಿಸುವ ಅಧಿಕಾರ ಯಾರದು?

ಕಥೆ ಸರಳ. ಎಲೆ ಉದುರುವುದನ್ನೂ ಬಾತುಗಳು ದಕ್ಷಿಣಕ್ಕೆ ಹಾರುವುದನ್ನೂ ಕಂಡ ಕರಡಿಯೊಂದು ಚಳಿಗಾಲದ ನಿದ್ರೆಗಾಗಿ ಗುಹೆ ಸೇರುತ್ತದೆ. ಅದು ಮಲಗಿರುವಾಗ ನಕ್ಷೆ ಹಿಡಿದ ಜನ ಬರುತ್ತಾರೆ, ಮರ ಕಡಿಯುತ್ತಾರೆ, ಗುಹೆಯ ನೆತ್ತಿಯ ಮೇಲೆಯೇ ಕಾರ್ಖಾನೆ ಕಟ್ಟುತ್ತಾರೆ. ವಸಂತದಲ್ಲಿ ಎಚ್ಚೆತ್ತು ಹೊರಬಂದ ಕರಡಿಗೆ ಮೇಸ್ತ್ರಿಯೊಬ್ಬ ಕೆಲಸಕ್ಕೆ ನಡೆ ಎಂದು ಗದರುತ್ತಾನೆ. ತಾನು ಕರಡಿ ಎಂದು ಅದು ಹೇಳಿದರೆ ಅವನು ನಂಬುವುದಿಲ್ಲ. ಗಡ್ಡ ಬೋಳಿಸದೆ ತುಪ್ಪಳದ ಕೋಟು ತೊಟ್ಟ ದಡ್ಡ ಮನುಷ್ಯ ನೀನು ಎನ್ನುತ್ತಾನೆ. ಮೇಸ್ತ್ರಿಯ ಮೇಲೆ ಮ್ಯಾನೇಜರು, ಅವನ ಮೇಲೆ ಮೂವರು ಉಪಾಧ್ಯಕ್ಷರು, ಎಲ್ಲರ ಮೇಲೆ ಅಧ್ಯಕ್ಷ. ಎಲ್ಲರದೂ ಒಂದೇ ತೀರ್ಪು. ಅಧ್ಯಕ್ಷನಂತೂ ಕರಡಿಗಳಿರುವುದು ಮೃಗಾಲಯದಂಥ ಕಡೆಗಳಲ್ಲಿ ಮಾತ್ರ ಎಂದು ವಾದಿಸಿ, ಅದನ್ನು ಮೃಗಾಲಯಕ್ಕೇ ಕರೆದೊಯ್ಯುತ್ತಾನೆ. ಅಲ್ಲಿಯ ಕರಡಿಗಳೂ ಇವನು ನಮ್ಮವನಲ್ಲ ಎಂದುಬಿಡುತ್ತವೆ. ಕರಡಿಯಾಗಿದ್ದರೆ ನಮ್ಮಂತೆ ಬೋನಿನೊಳಗೆ ಇರುತ್ತಿದ್ದ ಎಂಬುದು ಅವುಗಳ ತರ್ಕ. ಸಾಕ್ಷಿಯೂ ಕೈಬಿಟ್ಟ ಮೇಲೆ ಕರಡಿ ಯಂತ್ರದ ಮುಂದೆ ನಿಲ್ಲುತ್ತದೆ. ಬಹುಕಾಲದ ನಂತರ ಕಾರ್ಖಾನೆ ಮುಚ್ಚಿ ಎಲ್ಲರೂ ಮನೆಗೆ ಹೋದಾಗ, ಹಿಮದಲ್ಲಿ ನಡುಗುತ್ತ, ತಾನು ಕರಡಿಯಲ್ಲವಲ್ಲ ಎಂದು ಗುಹೆಯ ಹೊರಗೇ ಕುಳಿತಿರುತ್ತದೆ.

ಈ ಕಥೆಯನ್ನು ಕೊಡಗಿನ ಕಾಡಂಚಿನಲ್ಲಿ ಓದಿದರೆ ಅದರ ಅತಿಶಯೋಕ್ತಿಯೆಲ್ಲ ಕರಗಿ ಬರಿಯ ಚರಿತ್ರೆ ಉಳಿಯುತ್ತದೆ. ಕಾಡುಜನರನ್ನು ಕರಡಿಗೆ ಹೋಲಿಸುವುದು ಅನುಚಿತ, ಅಂಥ ಹೋಲಿಕೆಯನ್ನು ಅವರು ಸಾಕಷ್ಟು ಕೇಳಿಯೂ ಇದ್ದಾರೆ. ಇಲ್ಲಿ ಹೋಲಿಕೆಗೆ ಒದಗುವವರು ಕಥೆಯ ಅಧಿಕಾರಿಗಳು ಮತ್ತು ಅವರ ಕೈಯ ದಫ್ತರಗಳು.

ಮೊದಲು ಹೆಸರಿನಿಂದಲೇ ಆರಂಭಿಸಬೇಕು. ದಕ್ಷಿಣ ಕೊಡಗಿನಲ್ಲಿ 'ಯರವ' ಎಂದು ಕರೆಯಿಸಿಕೊಳ್ಳುವ ಸಮುದಾಯದ ಒಂದು ಮುಖ್ಯ ಶಾಖೆ ತನ್ನನ್ನು ತಾನು 'ರಾವುಲ' ಎಂದು ಕರೆದುಕೊಳ್ಳುತ್ತದೆ. ಯರವ ಎಂಬುದನ್ನು ಹಳೆಯ ಬರಹಗಾರರು 'ಎರವು' ಎಂಬ ಕನ್ನಡ ಮಾತಿನಿಂದ ಬಿಡಿಸಿದ್ದಾರೆ: ಎರವಲು ತಂದವರು ಅಥವಾ ಎರವಲು ಬೇಡುವವರು. ನಿರುಕ್ತಿ ಸರಿಯೋ ತಪ್ಪೋ ಭಾಷಾಶಾಸ್ತ್ರಜ್ಞರ ವಿಷಯ. ಅದನ್ನು ಸಹಜವೆಂದು ಒಪ್ಪಿಕೊಂಡ ಸಮಾಜದ ದೃಷ್ಟಿ ಮಾತ್ರ ಸ್ಪಷ್ಟ. ಗಡಿ ದಾಟಿ ವಯನಾಡಿಗೆ ಹೋದರೆ ಇದೇ ಜನಕ್ಕೆ 'ಅಡಿಯ' ಎಂದು ಹೆಸರು, ಅಂದರೆ ಆಳು. ಎರಡು ಸೀಮೆಗಳಲ್ಲಿ ಎರಡು ಹೆಸರು, ಎರಡನ್ನೂ ಕೊಟ್ಟವರು ಕೆಲಸ ಮಾಡಿಸಿಕೊಂಡವರು.

ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ಕೊಡಗಿನ ಆಳುಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತವೆ. 'ಭೂಮಿ ಜಮ್ಮ'ದ ಆಳು ಗದ್ದೆಗೆ ಅಂಟಿಕೊಂಡವನು. ಗದ್ದೆ ಕೈಬದಲಾದರೆ ಅವನೂ ಅದರೊಡನೆ ಹೋಗುತ್ತಾನೆ, ಅದನ್ನು ಬಿಟ್ಟು ಅವನನ್ನು ಕದಲಿಸುವಂತಿಲ್ಲ. 'ಒಕ್ಕಲು ಜಮ್ಮ'ದ ಆಳು ಒಡೆಯನ ಸ್ವಂತ ಸೊತ್ತು. ಅವನನ್ನು ಪ್ರತ್ಯೇಕವಾಗಿ ಮಾರಬಹುದಿತ್ತು, ಅಡವಿಡಬಹುದಿತ್ತು. ಹೊಲೆಯರೂ ಯರವರೂ ಈ ವಿಂಗಡಣೆಯೊಳಗೆ ಬರುತ್ತಿದ್ದರು. ಮಂಗಳೂರ ಸಮಾಚಾರದ ಸಂಪಾದಕನೆಂದು ಕನ್ನಡಿಗರಿಗೆ ಪರಿಚಿತನಾದ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಕೊಡಗಿನ ಬಗೆಗೆ ಪುಸ್ತಕ ಬರೆದ, 1870ರಲ್ಲಿ ಜಿ. ರಿಕ್ಟರ್ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದ. ಅಷ್ಟು ಹೊತ್ತಿಗೆ 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಆಳಿನ ಗುರುತು ಒಡೆಯನ ಮೂಲಕವೇ ಆಗುವ ಲೋಕ ಹೇಗಿತ್ತೆಂಬುದಕ್ಕೆ ಕನ್ನಡದ ಓದುಗರು ದೂರ ಹೋಗಬೇಕಿಲ್ಲ. ಚಕ್ ಜೋನ್ಸ್‌ನ ಚಿತ್ರ ಬಂದ 1967ರಲ್ಲಿಯೇ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ನಾಯಿಗುತ್ತಿ ಯಾರ ಮನೆಯ ಆಳು ಎಂಬುದರಿಂದಲೂ ಜೊತೆಗಿರುವ ನಾಯಿಯಿಂದಲೂ ಗುರುತಿಸಲ್ಪಡುವವನು. ಅದು ಕೊಡಗಲ್ಲ, ತೀರ್ಥಹಳ್ಳಿಯ ಸೀಮೆ. ವ್ಯವಸ್ಥೆ ಬಲು ದೂರದ್ದಲ್ಲ.

ಕಾರ್ಖಾನೆ ಬಂದದ್ದು ಕಾಫಿಯ ರೂಪದಲ್ಲಿ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯ ಬಳಿ ಮೊದಲ ದೊಡ್ಡ ತೋಟ ತೆರೆದ. ಘಟ್ಟದ ಇಳಿಜಾರಿನ ತೋಟಗಳನ್ನು ಕಾಂಡಕೊರಕ ಹುಳು ತಿಂದು ಹಾಕಿದ ಮೇಲೆ ತೋಟಗಾರರ ಕಣ್ಣು ಪೂರ್ವದ ಬಿದಿರು ಕಾಡಿನ ಮೇಲೆ ಬಿತ್ತು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಗಳ ಆ ಪ್ರದೇಶವನ್ನು ಇಂಗ್ಲಿಷ್ ತೋಟಗಾರರು 'ಬ್ಯಾಂಬೂ' ಎಂದೇ ಕರೆದರು. ಬಿದಿರು ಹೋಗಿ ಕಾಫಿ ಬಂತು, ಕಾಫಿಯ ಜೊತೆಗೆ ಲೈನ್‌ಮನೆ ಬಂತು: ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳು, ಕೋಣೆಗೊಂದು ಸಂಸಾರ. ಬೆಳಿಗ್ಗೆ ಮೇಸ್ತ್ರಿಯ ಕೂಗು, ಸಂಜೆ ರೈಟರನ ಹಾಜರಿ ಪುಸ್ತಕ. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಶಿಕ್ಷೆಗೆ ಗುರಿಮಾಡಬಲ್ಲ 1859ರ ಹದಿಮೂರನೆಯ ಕಾಯಿದೆ ಸುಮಾರು ಆರು ದಶಕಗಳಿಗೂ ಮೀರಿ ತೋಟಗಾರರ ಕೈಯಲ್ಲಿತ್ತು. ಹಿಂದಿನ ದಾಖಲೆಯಲ್ಲಿ ಜಮ್ಮದ ಆಳಾಗಿದ್ದವನು ಈಗ ಹಾಜರಿಯ ಸಂಖ್ಯೆಯಾದ. ಸಾಲದ ಗಂಟು ಮಾತ್ರ ಹಾಗೆಯೇ ಉಳಿಯಿತು; ಜೀತವನ್ನು ದೇಶದಾದ್ಯಂತ ಅಪರಾಧವೆಂದು ಸಾರುವ ಕಾಯಿದೆ ಬಂದದ್ದು 1976ರಲ್ಲಿ.

ಇನ್ನು ಕಾಡಿನೊಳಗಿನ ಜೇನುಕುರುಬರ ಕಥೆ. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು. 1970 ಮತ್ತು 80ರ ದಶಕಗಳಲ್ಲಿ ಒಳಗಿನ ಹಾಡಿಗಳಿಂದ ಹೊರಹೋದ ಅನೇಕ ಸಂಸಾರಗಳು ಸೇರಿದ್ದು ಅದೇ ಲೈನ್‌ಮನೆಗಳನ್ನು. ಜೇನು, ಗೆಡ್ಡೆ, ಪ್ರಾಣಿಯ ಹೆಜ್ಜೆ ಬಲ್ಲ ಕೈಗಳಿಗೆ ಕಾಫಿ ಹಣ್ಣು ಕುಯ್ಯುವ, ಕಳೆ ತೆಗೆಯುವ, ಮೆಣಸಿನ ಬಳ್ಳಿ ಕಟ್ಟುವ ಕೆಲಸ.

ಮೃಗಾಲಯದ ಕರಡಿಗಳ ತರ್ಕ ನೆನಪಾಗುವುದು ಇಲ್ಲಿ. ಜೇನುಕುರುಬರಿಗೆ ಕಾಡಿನಲ್ಲಿ ಸ್ಥಳವೇ ಇಲ್ಲವೆಂದು ಸರ್ಕಾರ ಎಂದೂ ಹೇಳಿಲ್ಲ. ದುಬಾರೆಯ, ಮತ್ತಿಗೋಡಿನ ಆನೆ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಬಹುಮಟ್ಟಿಗೆ ಅವರೇ. ಪಕ್ಕದ ಕಾಕನಕೋಟೆಯಲ್ಲಿ ಸ್ಯಾಂಡರ್ಸನ್ 1870ರ ದಶಕದಲ್ಲಿ ಆರಂಭಿಸಿದ ಖೆಡ್ಡಾ 1971ರವರೆಗೆ ನಡೆದದ್ದು ಅವರ ಕಾಡಿನ ಅರಿವಿನ ಬಲದಿಂದ. ಬೆಂಕಿ ಕಾಯುವುದಕ್ಕೆ, ಹುಲಿಯ ಜಾಡು ಹಿಡಿಯುವುದಕ್ಕೆ ಇಂದಿಗೂ ಅವರೇ ಬೇಕು. ದಸರಾ ಮೆರವಣಿಗೆಯಲ್ಲಿ ಆನೆಯ ಕತ್ತಿನ ಮೇಲೆ ಕುಳಿತಾಗ ಅವನು ಕಾಡಿನ ಮಗ; ಇಲಾಖೆಯ ಅಪ್ಪಣೆಯಿಲ್ಲದೆ ಅಜ್ಜನ ಸಮಾಧಿಯ ಬಳಿ ಗುಡಿಸಲು ಹಾಕಿದಾಗ ಅತಿಕ್ರಮಣಕಾರ. ಬೋನಿನ ಒಳಗಿದ್ದರೆ ಕರಡಿ.

ಗುಹೆಯ ಮೇಲೆ ಕಟ್ಟಡವೇಳುವ ದೃಶ್ಯಕ್ಕೂ ನಾಗರಹೊಳೆಯಲ್ಲಿ ಸರಿಸಾಟಿಯಿದೆ. 1990ರ ದಶಕದಲ್ಲಿ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿ ಪ್ರವಾಸಿಗರ ವಿಲಾಸಿ ವಸತಿಗೃಹಕ್ಕಾಗಿ ಸರ್ಕಾರ ಖಾಸಗಿ ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಿತು. ಆದಿವಾಸಿಗಳ ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ ಬೀದಿಗಿಳಿಯಿತು, ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 1997ರಲ್ಲಿ ಬಂದ ತೀರ್ಪು ಆ ಗುತ್ತಿಗೆಯನ್ನು ಎತ್ತಿಹಿಡಿಯಲಿಲ್ಲ; ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಹಾಗೆ ಕೊಟ್ಟದ್ದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದಿತು. ಒಂದು ಹಾಡಿಗೆ ಜಾಗವಿಲ್ಲದ ಕಾಡಿನಲ್ಲಿ ವಸತಿಗೃಹಕ್ಕೆ ಜಾಗ ಹುಡುಕಿದ ಆ ಪ್ರಕರಣದಲ್ಲಿ ಗೆದ್ದದ್ದು ಕಾಡಿನ ಕಾನೂನು. ಹಾಡಿಯ ಹಕ್ಕು ಇದ್ದಲ್ಲಿಯೇ ಇತ್ತು.

ಆ ಹಕ್ಕಿಗೆ ಶಾಸನದ ಮಾತು ದೊರೆತದ್ದು 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿ. 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿದ್ದ ಬುಡಕಟ್ಟು ಜನರ ಹಕ್ಕನ್ನು ಅದು ಒಪ್ಪುತ್ತದೆ. ಅದಕ್ಕೂ ಮೊದಲು ಅಕ್ರಮವಾಗಿ ಹೊರದಬ್ಬಲ್ಪಟ್ಟವರಿಗೆ ಪುನರ್ವಸತಿಯ ಹಕ್ಕನ್ನೂ ಹೇಳುತ್ತದೆ. ಅರ್ಜಿಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದೆಂಬ ಮಾತೂ ಅದರಲ್ಲಿದೆ.

ಹತ್ತು ವರ್ಷಗಳ ನಂತರ, 2016ರಲ್ಲಿ, ಸಿದ್ದಾಪುರ ಸಮೀಪದ ದಿಡ್ಡಳ್ಳಿಯಲ್ಲಿ ತೋಟಗಳ ಲೈನ್‌ಮನೆ ಬಿಟ್ಟು ಬಂದ ಯರವರೂ ಕುರುಬರೂ ಗುಡಿಸಲು ಹಾಕಿದರು. ನೆಲ ಪೈಸಾರಿಯೆಂದು ಅವರು, ಮೀಸಲು ಅರಣ್ಯವೆಂದು ಇಲಾಖೆ. ಡಿಸೆಂಬರ್ ತಿಂಗಳಲ್ಲಿ 577 ಕುಟುಂಬಗಳ ಗುಡಿಸಲುಗಳನ್ನು ಯಂತ್ರಗಳು ಕೆಡವಿದವು. ದೀರ್ಘ ಹೋರಾಟದ ಬಳಿಕ ಬಹುತೇಕ ಕುಟುಂಬಗಳನ್ನು ಬಸವನಹಳ್ಳಿ, ಬ್ಯಾಡಗೊಟ್ಟಗಳಿಗೆ ಕಳುಹಿಸಲಾಯಿತು. ಅಂದು ಅವರನ್ನು ಕುರಿತು ಮುಖ್ಯವಾಗಿ ಎದ್ದ ತಕರಾರು, ಇವರು ಕಾಡಿನವರಲ್ಲ, ತೋಟದ ಕಾರ್ಮಿಕರು ಎಂಬುದು. ಕಾಡಿನಿಂದ ತೋಟಕ್ಕೆ ಅವರು ಬಂದದ್ದು ಹೇಗೆಂಬ ಪ್ರಶ್ನೆ ಆ ತಕರಾರಿನ ಹೊರಗೇ ಉಳಿಯಿತು.

ಟಾಶ್‌ಲಿನ್‌ಗೆ ಚಕ್ ಜೋನ್ಸ್‌ನ ಚಿತ್ರ ಹಿಡಿಸಲಿಲ್ಲ. ಅವನ ಮುಖ್ಯ ಆಕ್ಷೇಪ ಸಣ್ಣದೆಂದು ತೋರೀತು: ಚಿತ್ರದಲ್ಲಿ ಕರಡಿಯ ಬಾಯಿಗೆ ಸಿಗರೇಟು ಇಡಲಾಗಿತ್ತು. ಸಿಗರೇಟು ಸೇದುವ ಕರಡಿಯನ್ನು ಮನುಷ್ಯನೆಂದರೆ ಅಧಿಕಾರಿಗಳ ಮಾತಿನಲ್ಲಿ ಅರ್ಧ ಸತ್ಯ ಬಂದುಬಿಡುತ್ತದೆ, ವ್ಯಂಗ್ಯದ ಬೇರು ಒಣಗುತ್ತದೆ. ಟಾಶ್‌ಲಿನ್ ಹೇಳಿದ್ದು ಸರಿ. ಆದರೆ ಕೊಡಗಿನ ವಾಗ್ವಾದಗಳನ್ನು ಗಮನಿಸಿದವರಿಗೆ ಜೋನ್ಸ್‌ನ ತಪ್ಪೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಪ್ಯಾಂಟು ತೊಟ್ಟ, ಮೊಬೈಲ್ ಹಿಡಿದ, ಮಗುವನ್ನು ಶಾಲೆಗೆ ಕಳುಹಿಸಿದ ಜೇನುಕುರುಬ ಇನ್ನೂ ಕಾಡಿನವನೇ ಎಂದು ಕೇಳುವವರು ತೋರಿಸುವುದು ಆ ಸಿಗರೇಟನ್ನೇ.

ಚಿತ್ರದ ಕರಡಿ ಕೊನೆಗೆ ಗುಹೆಯೊಳಗೆ ನಡೆಯುತ್ತದೆ, ಅಲ್ಲಿ ಬೆಚ್ಚಗಾಗುತ್ತದೆ. ಯಾರು ಏನೆಂದರೂ ತಾನು ದಡ್ಡ ಮನುಷ್ಯನಲ್ಲ, ದಡ್ಡ ಕರಡಿಯೂ ಅಲ್ಲವೆಂದು ಅದಕ್ಕೆ ಆಗ ತಿಳಿಯುತ್ತದೆ. ಕಾರ್ಖಾನೆ ಮುಚ್ಚಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ತೋಟಗಳ ಕೂಲಿ ಬಿಟ್ಟು ನಾಗರಹೊಳೆಯೊಳಗಿನ ತಮ್ಮ ಹಿರಿಯರ ಹಾಡಿಗೆ ಮರಳಿದವು. ಆ ಹಾಡಿಯ ಹೆಸರು ಕರಡಿಕಲ್ಲು ಅತ್ತೂರು ಕೊಲ್ಲಿ. ಅಲ್ಲಿ ತಡೆಯುವವರಿದ್ದರು, ಹಕ್ಕು ಇತ್ಯರ್ಥವಾಗದೆ ಒಳಗೆ ನೆಲೆಸುವಂತಿಲ್ಲ ಎಂಬುದು ಇಲಾಖೆಯ ನಿಲುವು.

ಇತ್ಯರ್ಥಕ್ಕೆ ಸಾಕ್ಷ್ಯ ಬೇಕು. ಕಾಯಿದೆಯ ನಿಯಮಗಳು ಹಳೆಯ ಮನೆಯ ತಳಪಾಯ, ಬಾವಿ, ಸಮಾಧಿ, ದೈವದ ಸ್ಥಾನಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತವೆ. ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿಯಾಗಲಾರದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಬಿದಿರು, ಸೊಪ್ಪುಗಳಿಂದ ಮರದ ನೆರಳಿನಲ್ಲಿ ಕಟ್ಟಿದ ಗುಡಿಸಲು ಆಕಾಶದಿಂದ ಕಾಣುವಂಥದೂ ಅಲ್ಲ. ಹಿರಿಯರ ಹೇಳಿಕೆಗೂ ಅಲ್ಲಿ ಬೆಲೆಯಿದೆ. ಆದರೆ ಆ ಹಿರಿಯರು ಅರ್ಜಿದಾರರನ್ನು ಬಿಟ್ಟು ಬೇರೆಯವರಾಗಿರಬೇಕು, ಹೇಳಿಕೆ ಬರಹಕ್ಕಿಳಿದಿರಬೇಕು. ಹಾಡಿಯ ಎಲ್ಲ ಸಂಸಾರಗಳೂ ಅರ್ಜಿ ಹಾಕಿರುವಲ್ಲಿ ಅಂಥ ಹಿರಿಯರನ್ನು ಹುಡುಕಿಕೊಂಡು ನೆರೆಯ ಹಾಡಿಗಳಿಗೂ, ನಲವತ್ತು ವರ್ಷಗಳಿಂದ ಅವರು ಚದುರಿಹೋಗಿರುವ ಲೈನ್‌ಮನೆಗಳಿಗೂ ಹೋಗಬೇಕಾಗುತ್ತದೆ.