ಇಂಗ್ಲಿಷ್‌ನ 'ರೌಡಿ' ನಮ್ಮ ರೌಡಿಯಲ್ಲ! ಏನಿದು ಪದ, ಎಲ್ಲಿ ಹೇಗೆ ಬಳಸಬೇಕು?

ಪುಣೆಯಲ್ಲಿರುವ ಕನ್ನಡಿಗರೊಬ್ಬರಿಗೆ ಮಗನ ಶಾಲೆಯಿಂದ ಒಂದು ಸಾಲಿನ ಇಂಗ್ಲಿಷ್ ಟಿಪ್ಪಣಿ ಬಂತು ಎಂದುಕೊಳ್ಳಿ. ಅದರಲ್ಲಿ ಹುಡುಗನ ವರ್ತನೆ 'ರೌಡಿ' ಎಂದಿದೆ. ಅಪ್ಪನ ಎದೆ ಧಸಕ್ಕೆನ್ನುವುದು ಸಹಜ. ಏಳು ವರ್ಷದ ಮಗ ಮಚ್ಚು ಹಿಡಿದನೇ? ಇಲ್ಲ. ಟೀಚರ್ ಹೇಳಿದ್ದು ಇಷ್ಟೇ: ಹುಡುಗ ತರಗತಿಯಲ್ಲಿ ಕಿರುಚಾಡುತ್ತಾನೆ, ಕೂತಲ್ಲಿ ಕೂರುವುದಿಲ್ಲ.

ಇಂದಿನ ಇಂಗ್ಲಿಷ್‌ನಲ್ಲಿ ರೌಡಿ ಎಂಬುದು ಹೆಚ್ಚಾಗಿ ವಿಶೇಷಣ. ಸದ್ದುಗದ್ದಲ ಮಾಡುವ, ಹಿಡಿತಕ್ಕೆ ಸಿಗದ ಎಂದು ಅರ್ಥ. ಪಂದ್ಯ ಗೆದ್ದ ಅಭಿಮಾನಿಗಳು, ತಡರಾತ್ರಿಯ ಪಾರ್ಟಿ, ಮದುವೆ ಮನೆಯ ಗೆಳೆಯರ ಗುಂಪು, ಎಲ್ಲದಕ್ಕೂ ಈ ಪದ ಸಲ್ಲುತ್ತದೆ. ಗದ್ದಲ ಮುಗಿದ ಮೇಲೆ ಅವರು ರೌಡಿಗಳಲ್ಲ. ಕನ್ನಡದಲ್ಲಿ ಹಾಗಲ್ಲ, ಇಲ್ಲಿ ಪದ ಮನುಷ್ಯನಿಗೇ ಅಂಟಿಕೊಳ್ಳುತ್ತದೆ.

ಹಾಗಂತ ನಾವು ಪದವನ್ನು ಕೆಡಿಸಿದೆವು ಎಂದುಕೊಳ್ಳಬೇಡಿ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಈ ಪದ ಹುಟ್ಟಿದಾಗ ಅದು ನಾಮಪದವೇ ಆಗಿತ್ತು. ಗಡಿನಾಡಿನ ಕಾಡುಪ್ರದೇಶದ ಒರಟು, ಜಗಳಗಂಟ ಆಸಾಮಿಗೆ ರೌಡಿ ಎನ್ನುತ್ತಿದ್ದರು. ಜಗಳ ಎಂಬ ಅರ್ಥದ 'ರೌ' ಎಂಬ ಪದದಿಂದ ಇದು ಬಂದಿರಬಹುದು ಎನ್ನುತ್ತವೆ ನಿಘಂಟುಗಳು. ಇಂಗ್ಲಿಷರು ವಿಶೇಷಣದ ಕಡೆ ಹೊರಳಿದರು, ನಾವು ಹಳೆಯ ಅರ್ಥವನ್ನೇ ಇಟ್ಟುಕೊಂಡು ರೌಡಿಸಂ, ರೌಡಿ ಪರೇಡ್ ಎಂದು ಸಂಸಾರ ಬೆಳೆಸಿದೆವು. 1968ರಲ್ಲಿ ರಾಜ್‌ಕುಮಾರ್ 'ರೌಡಿ ರಂಗಣ್ಣ' ಆದರು. 2012ರ ಹೊತ್ತಿಗೆ ಹಿಂದಿಯಲ್ಲೂ 'ರೌಡಿ ರಾಥೋರ್' ಬಂತು.

ಸುದ್ದಿಮನೆಯಲ್ಲಿ ಎಡವುವುದು ಅನುವಾದದಲ್ಲಿ. ಸಂಸತ್ತಿನಲ್ಲಿ 'ರೌಡಿ ಸೀನ್ಸ್' ಎಂದು ಇಂಗ್ಲಿಷ್ ಸುದ್ದಿ ಬಂದರೆ ಕನ್ನಡದಲ್ಲಿ ಗದ್ದಲ ಅಥವಾ ಕೋಲಾಹಲ ಎಂದು ಬರೆಯಬೇಕು. ಕ್ರೀಡಾಂಗಣದಲ್ಲಿ ಕೂಗಾಡಿದವರನ್ನು 'ರೌಡಿ ಅಭಿಮಾನಿಗಳು' ಎಂದರೆ ಅವರ ಮೇಲೆ ಇಲ್ಲದ ಕೇಸು ಹಾಕಿದಂತೆ.

ಕೇಸಿನ ಮಾತು ಬಂತಲ್ಲ, 'ರೌಡಿ ಶೀಟರ್' ಎಂಬುದನ್ನೂ ನೋಡಿ. ಇದು ಅಪ್ಪಟ ಭಾರತೀಯ ಇಂಗ್ಲಿಷ್, ಲಂಡನ್‌ನಲ್ಲಿ ಹೇಳಿದರೆ ಅರ್ಥವಾಗುವುದು ಕಷ್ಟ. ಕರ್ನಾಟಕ, ತೆಲಂಗಾಣ, ಆಂಧ್ರದ ಪೊಲೀಸ್ ಠಾಣೆಗಳಲ್ಲಿ ನಿಗಾ ಇಡಬೇಕಾದವರ ಹೆಸರು, ವಿಳಾಸ, ಫೋಟೋ, ಪ್ರಕರಣಗಳ ವಿವರ ಇರುವ ಹಾಳೆಯೇ ರೌಡಿ ಶೀಟ್. ಅದನ್ನು ತೆರೆಯುವವರು ಪೊಲೀಸರೇ ಹೊರತು ನ್ಯಾಯಾಲಯವಲ್ಲ. ಅಂದರೆ ರೌಡಿ ಶೀಟರ್ ಎಂದ ಮಾತ್ರಕ್ಕೆ ಅಪರಾಧ ಸಾಬೀತಾಗಿದೆ ಎಂದರ್ಥವಲ್ಲ. ಪ್ರಕರಣಗಳು ಖುಲಾಸೆಯಾದ ಮೇಲೂ ಹೆಸರು ಪಟ್ಟಿಯಲ್ಲೇ ಉಳಿದು, ಅದನ್ನು ತೆಗೆಸಲು ಹೈಕೋರ್ಟ್ ಮೆಟ್ಟಿಲೇರಿದವರಿದ್ದಾರೆ. ಅಂಥವರ ಮಗಳ ಮದುವೆ ಮಾತುಕತೆಯಲ್ಲಿ, ಬಾಡಿಗೆ ಮನೆ ಹುಡುಕುವಾಗ ಈ ಎರಡು ಪದ ಏನು ಮಾಡಬಲ್ಲವು ಎಂದು ಊಹಿಸಿ. ನಾವಂತೂ ಶೀರ್ಷಿಕೆಯಲ್ಲಿ ಸಲೀಸಾಗಿ ಬರೆದುಬಿಡುತ್ತೇವೆ.

ಗೂಂಡಾ ಕಾಯ್ದೆ ಬೇರೆ. ಕರ್ನಾಟಕದ 1985ರ ಆ ಕಾನೂನಿನಡಿ ಒಬ್ಬರನ್ನು ಗರಿಷ್ಠ 12 ತಿಂಗಳು ಮುಂಜಾಗ್ರತಾ ಬಂಧನದಲ್ಲಿ ಇಡಬಹುದು. ರೌಡಿ ಶೀಟ್ ಇದ್ದ ಮಾತ್ರಕ್ಕೆ ಯಾರನ್ನೂ ಹಾಗೆ ಜೈಲಿಗೆ ಕಳುಹಿಸುವಂತಿಲ್ಲ. ಗಡಿಪಾರು ಮೂರನೆಯದು, ಅದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಮೂರನ್ನೂ ಒಂದೇ ಎಂಬಂತೆ ಬರೆಯುವ ಸುದ್ದಿಗಳು ಕಡಿಮೆಯೇನಿಲ್ಲ.

ಊರು ಬದಲಾದರೆ ಪದವೂ ಬದಲು. ಮುಂಬೈನ ಪತ್ರಿಕೆಗಳಲ್ಲಿ ನಿಮಗೆ ಸಿಗುವುದು 'ಹಿಸ್ಟರಿ ಶೀಟರ್', ದೆಹಲಿಯಲ್ಲಿ 'ಬ್ಯಾಡ್ ಕ್ಯಾರೆಕ್ಟರ್'. ಹೈದರಾಬಾದ್‌ಗೆ ಬಂದರೆ ಮತ್ತೆ ರೌಡಿ ಶೀಟರ್. ಅದೇ ಊರಿನಲ್ಲಿ ನಟ ವಿಜಯ್ ದೇವರಕೊಂಡ ತಮ್ಮ ಅಭಿಮಾನಿಗಳನ್ನು ಪ್ರೀತಿಯಿಂದ ಕರೆಯುವುದೂ ರೌಡಿಗಳು ಎಂದೇ. ನಮ್ಮ ಮನೆಗಳಲ್ಲೂ ಅಷ್ಟೆ, ತುಂಟ ಮೊಮ್ಮಗನನ್ನು ಎತ್ತಿಕೊಂಡು ಅಜ್ಜಿ 'ದೊಡ್ಡ ರೌಡಿ ಇವನು' ಎಂದರೆ ಯಾರೂ ಠಾಣೆಗೆ ಫೋನ್ ಮಾಡುವುದಿಲ್ಲ.