ನಂದಿದುರ್ಗ ಗಣಿಯ ಕೆಸರಿನ ಪದರಗಳೂ ಗಣಕಯಂತ್ರದ ದ್ರವಚಿತ್ರಗಳೂ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ ಚಿನ್ನದ ತೂಕಕ್ಕೂ ಸುರಂಗಗಳ ಆಳಕ್ಕೂ ದೊರೆತಿರುವ ಸ್ಥಾನ ಚಿನ್ನ ತೆಗೆದ ಮೇಲೆ ಉಳಿದ ವಸ್ತುವಿಗೆ ದೊರೆತಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುಮಾರ್ಗದ ಆಸುಪಾಸಿನಲ್ಲಿ ಎದ್ದು ನಿಂತಿರುವ ಸೈನೈಡ್ ದಿಬ್ಬಗಳೇ ಆ ಉಳಿಕೆ. ಇಂದು ಅವು ಒಣನೆಲ. ಗಿರಣಿಯಿಂದ ಹೊರಬಿದ್ದಾಗ ಮಂದವಾದ ರಾಡಿ. ಆ ರಾಡಿ ಹರಿದು ಪದರಗಟ್ಟಿದ ಬಗೆಯನ್ನು, ಚಲನಚಿತ್ರಕ್ಕಾಗಿ ಬೆಳೆದುಬಂದ ಒಂದು ಗಣಕವಿದ್ಯೆಯ ನೆರವಿನಿಂದ ಎಷ್ಟರಮಟ್ಟಿಗೆ ಅರಿಯಬಹುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಈ ಪ್ರದೇಶಕ್ಕೆ ಕಾಲಿಟ್ಟ ತರುವಾಯ ಪ್ರಸಿದ್ಧಿಗೆ ಬಂದ ಗಣಿಗಳಲ್ಲಿ ನಂದಿದುರ್ಗವೂ ಒಂದು. (ನಂದಿಯ ಬೆಟ್ಟಕ್ಕೂ ಈ ಗಣಿಗೂ ಇರುವುದು ಹೆಸರಿನ ನಂಟಷ್ಟೆ.) ಗಿರಣಿಯಲ್ಲಿ ಬೆಣಚುಕಲ್ಲಿನ ಅದುರನ್ನು ನೀರಿನೊಡನೆ ಕುಟ್ಟಿ, ಆ ರಾಡಿಯನ್ನು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸುವುದು ಹಳೆಯ ಪದ್ಧತಿ. ನೀರು ಹೆಚ್ಚಾದರೆ ಚಿನ್ನದ ಕಣ ತಗಡಿಗೆ ತಾಗುವ ಮೊದಲೇ ಕೊಚ್ಚಿಹೋಗುತ್ತದೆ. ಕಡಮೆಯಾದರೆ ಮರಳು ತಗಡಿನ ಮೇಲೆಯೇ ಕುಳಿತುಬಿಡುತ್ತದೆ. ಈ ಹದವನ್ನು ಅರಿತಿದ್ದುದು ತಗಡಿನ ಬಳಿ ನಿಂತ ಕೆಲಸಗಾರನ ಕಣ್ಣು. 1887ರಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಗ್ಲಾಸ್ಗೋ ನಗರದಲ್ಲಿ ಕಂಡುಹಿಡಿದ ಸೈನೈಡ್ ಕ್ರಮವು ಮುಂದೆ ಇಲ್ಲಿಗೂ ಬಂದಿತು. ದಿಬ್ಬಗಳಿಗೆ ಹೆಸರು ಕೊಟ್ಟುದು ಅದೇ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 2001ರಲ್ಲಿ ಕೆಲಸ ನಿಂತಿತು.

ಇಂತಹ ರಾಡಿಯನ್ನು ಬಯಲಿಗೆ ಬಿಟ್ಟಾಗ ದಪ್ಪ ಮರಳು ಬಾಯಿಯ ಸಮೀಪದಲ್ಲಿಯೇ ನಿಲ್ಲುತ್ತದೆ, ನುಣುಪಾದ ಕೆಸರು ದೂರ ಹರಿಯುತ್ತದೆ. ಬಿಡುವ ಜಾಗ ಬದಲಾದಂತೆ ಮರಳಿನ ಮೇಲೆ ಕೆಸರು, ಕೆಸರಿನ ಮೇಲೆ ಮರಳು ಕೂಡುತ್ತವೆ. ಇದು ಜೇನುತುಪ್ಪದ ಹರಿವಿನಂತಲ್ಲ. ಜೇನು ಎಷ್ಟು ನಿಧಾನವಾದರೂ ಕೊನೆಗೆ ಸಮತಟ್ಟಾಗುತ್ತದೆ. ಕೆಸರು ಇಳಿಜಾರಿನಲ್ಲಿಯೇ ನಿಂತುಬಿಡಬಲ್ಲದು. ಒಂದು ಮಿತಿಯ ಒತ್ತಡ ಬೀಳದೆ ಅದು ಕದಲುವುದಿಲ್ಲ. ಈ ಭೇದವನ್ನು 1916ರಲ್ಲಿ ಬಿಂಗ್‌ಹ್ಯಾಮ್ ಶಾಸ್ತ್ರೀಯವಾಗಿ ವಿವೇಚಿಸಿದನು.

ಹರಿವಿನ ಮೂಲಸಮೀಕರಣಗಳು ಇನ್ನೂ ಹಳೆಯವು: 1822ರಲ್ಲಿ ನೇವಿಯೆ, 1845ರಲ್ಲಿ ಸ್ಟೋಕ್ಸ್. ಅವನ್ನು ಗಣಕಯಂತ್ರದಿಂದ ಬಿಡಿಸುವಲ್ಲಿ 1965ರಲ್ಲಿ ಹಾರ್ಲೊ ಮತ್ತು ವೆಲ್ಚ್ ಒಂದು ದಾರಿ ತೋರಿದರು. ಅವಕಾಶವನ್ನು ಚೌಕುಳಿಗಳಾಗಿ ವಿಂಗಡಿಸಿ, ದ್ರವವಿರುವೆಡೆಯನ್ನು ಗುರುತಿನ ಕಣಗಳಿಂದ ಸೂಚಿಸುವುದು ಅವರ ಕ್ರಮ. 1996ರಲ್ಲಿ ಫಾಸ್ಟರ್ ಮತ್ತು ಮೆಟಾಕ್ಸಾಸ್ ಇದನ್ನು ಚಿತ್ರರಚನೆಗೆ ತಂದರು. ಆದರೆ ಮಂದದ್ರವ ಸುಲಭವಾಗಿ ಮಣಿಯಲಿಲ್ಲ. ಸ್ನಿಗ್ಧತೆ ಹೆಚ್ಚಿದಷ್ಟೂ ಲೆಕ್ಕದ ಕಾಲಾಂತರವನ್ನು ಕಿರಿದುಗೊಳಿಸಬೇಕು. ಚೌಕುಳಿಯ ಅಂಚು ಅರ್ಧವಾದರೆ ಕಾಲಾಂತರ ಕಾಲುಭಾಗವಾಗುತ್ತದೆ. 2002ರಲ್ಲಿ ಕಾರ್ಲ್‌ಸನ್ ಮತ್ತು ಸಂಗಡಿಗರು, ಮುಂದಿನ ಕ್ಷಣದ ವೇಗಗಳನ್ನೆಲ್ಲ ಒಟ್ಟಿಗೆ ಬಿಡಿಸುವ ಮಾರ್ಗದಿಂದ ಈ ತೊಡಕನ್ನು ದಾಟಿದರು. 2006ರಲ್ಲಿ ಲೊಸಾಸೊ ಮೊದಲಾದವರು ಬೇರೆಬೇರೆ ಸಾಂದ್ರತೆ, ಸ್ನಿಗ್ಧತೆಗಳ ಹಲವು ದ್ರವಗಳನ್ನು ಒಂದೇ ಚಿತ್ರದಲ್ಲಿ ಪದರಪದರವಾಗಿ ಹರಿಸಿದರು. ನಮ್ಮ ದಿಬ್ಬಗಳಿಗೆ ಅತ್ಯಂತ ಸಮೀಪವಾದುದು ಇದೇ.

ಸಮೀಪವೆಂದ ಮಾತ್ರಕ್ಕೆ ಪ್ರಮಾಣವೆನ್ನಲಾಗದು. ಚಿತ್ರಕಾರನಿಗೆ ದ್ರವವು ಕಣ್ಣಿಗೊಪ್ಪಿದರೆ ಸಾಕು, ಸ್ನಿಗ್ಧತೆಯ ಅಂಕಿಯನ್ನು ಅವನು ಮನಬಂದಂತೆ ತಿದ್ದಬಹುದು. ಇತಿಹಾಸಕಾರನಿಗೆ ಆ ಸ್ವಾತಂತ್ರ್ಯವಿಲ್ಲ. 2018ರ ‘ಕೆ.ಜಿ.ಎಫ್.’ ಚಲನಚಿತ್ರದ ಕೆಲವು ಭಾಗಗಳು ಈ ದಿಬ್ಬಗಳ ಮೇಲೆಯೇ ಚಿತ್ರಿತವಾದವು. ಚಿನ್ನ ಹೊರಟುಹೋದ ಮಣ್ಣು ತೆರೆಯ ಮೇಲೆ ಚಿನ್ನದ ನೆಲವಾಯಿತು. ಕಥೆಗೆ ಅದು ಸಲ್ಲುತ್ತದೆ, ಚರಿತ್ರೆಗೆ ಸಲ್ಲದು. ಗಣಕಯಂತ್ರದ ಪದರವನ್ನು ದಿಬ್ಬದಿಂದ ತೆಗೆದ ಮಾದರಿಯ ಪಕ್ಕದಲ್ಲಿಟ್ಟು ಒರೆಗೆ ಹಚ್ಚಿದಾಗ ಮಾತ್ರ ಅದು ನಮಗೆ ಸಾಕ್ಷ್ಯವಾದೀತು.

ಹಾಗೆ ಒರೆಹಚ್ಚಲು ಬಹುಕಾಲ ಉಳಿದಿಲ್ಲವೆಂದು ತೋರುತ್ತದೆ. ಮಳೆಗಾಲದ ಕೊರಕಲುಗಳಲ್ಲಿ ಪದರಗಳು ಸವೆಯುತ್ತಿವೆ. ಬೇಸಗೆಯಲ್ಲಿ ಅದೇ ದೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಸುಮಾರು 1,003 ಎಕರೆಗಳಲ್ಲಿರುವ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವಸಂಪುಟ ಒಪ್ಪಿಗೆಯಿತ್ತಿದೆ. ಅಲ್ಲಿನ ನಿವಾಸಿಗಳಿಗೆ ಅದು ಕೆಲಸ ತಂದರೆ ನಮ್ಮ ಆಕ್ಷೇಪವಿಲ್ಲ. ಅಗೆಯುವುದಕ್ಕೆ ಮುಂಚೆ ಪ್ರತಿ ದಿಬ್ಬದಲ್ಲಿಯೂ ಮೇಲಿನಿಂದ ತಳದವರೆಗೆ ಒಂದು ಕೊರೆತದ ಮಾದರಿಯನ್ನಾದರೂ ತೆಗೆದು, ಪದರಗಳ ದಪ್ಪ, ಕಣಗಳ ಗಾತ್ರ, ತೇವ ಇವನ್ನು ಅಳೆದು ಗಿರಣಿಯ ದಾಖಲೆಗಳೊಡನೆ ಇಡಬೇಕೆಂಬುದಷ್ಟೇ ನಮ್ಮ ಸೂಚನೆ.